ಅಮ್ಮನ ಹಳೇ ಸೀರೆಗೆ ಕತ್ತರಿ ಹಾಕುವ ಮುಂಚೆ

ಬೀರುವಿನ ಕೆಳಗಿನ ಅರೆಯಲ್ಲಿ ಏನೇನಿದೆ ಅಂತ ಒಮ್ಮೆ ತೆಗೆದು ನೋಡಿ. ಅಮ್ಮ ಉಡದೆ ಬಿಟ್ಟ ಇಳಕಲ್ ಸೀರೆ, ತೋಳು ಬಿಗಿಯಾದ ರವಿಕೆಗಳು, ಅರಿಸಿನ ಕುಂಕುಮಕ್ಕೆ ಹೋದಾಗ ತಾಂಬೂಲದ ಜೊತೆ ಬಂದ ರವಿಕೆ ಕಣಗಳು, ಅಪ್ಪನಿಗೆ ಸನ್ಮಾನದಲ್ಲಿ ಹೊದಿಸಿದ ಶಾಲು, ಯಾರದೋ ಮದುವೆಯಲ್ಲಿ ಕೊಟ್ಟ ಎಂಟು ಮೊಳದ ಪಂಚೆ. ಇಷ್ಟಿದ್ದರೆ ಸಾಕು, ಒಂದು ವರ್ಷಕ್ಕಾಗುವಷ್ಟು ಹೊಸ ಉಡುಪು ಅದರಲ್ಲೇ ಇದೆ. ಹೊಲಿಗೆ ಮೆಷಿನ್ ಇದ್ದರೆ ಒಳ್ಳೇದು, ಇಲ್ಲದಿದ್ದರೆ ಬೀದಿ ಕೊನೆಯ ಟೈಲರ್ ಇದ್ದಾರೆ.

ಎಲ್ಲರೂ ಮಾಡೋದು ಏನು ಅಂದರೆ, ಮೊದಲು ಮೊಬೈಲ್‌ನಲ್ಲಿ ಒಂದು ಡಿಸೈನ್ ಇಷ್ಟಪಟ್ಟು, ಆಮೇಲೆ ಅದಕ್ಕೆ ಬಲಿಯಾಗುವ ಸೀರೆಯನ್ನು ಹುಡುಕುತ್ತಾರೆ. ಇದನ್ನು ತಿರುವುಮುರುವು ಮಾಡಿ. ಮೊದಲು ಸೀರೆ ನೋಡಿ. ಅದರ ಅಂಚು ಎಷ್ಟು ಅಗಲ, ಒಡಲು ಎಲ್ಲಿ ಸವೆದಿದೆ, ಸೆರಗು ಗಟ್ಟಿ ಇದೆಯಾ, ಇದೆಲ್ಲ ಗೊತ್ತಾದ ಮೇಲೆ ಅದರಲ್ಲಿ ಏನು ಬರುತ್ತದೆ ಅಂತ ತೀರ್ಮಾನ ಮಾಡಿ. ಬಟ್ಟೆಗೆ ಹೊಂದದ ಡಿಸೈನ್ ಹಿಡಿದು ಕೂತರೆ ಒಳ್ಳೇ ಸೀರೆಯೂ ಹಾಳು, ಟೈಲರ್‌ಗೆ ಕೊಟ್ಟ ದುಡ್ಡೂ ಹಾಳು.

ಮೊದಲು ಸೀರೆಯ ಆರೋಗ್ಯ ನೋಡಿ

ಹಗಲು ಹೊತ್ತಿನಲ್ಲಿ ಕಿಟಕಿ ಪಕ್ಕ ನಿಂತು, ಸೀರೆಯನ್ನು ಬೆಳಕಿಗೆ ಎದುರಾಗಿ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನಕ್ಕೆ ಸರಿಸುತ್ತಾ ಹೋಗಿ. ಎಳೆ ತೆಳುವಾದ ಕಡೆ ಬೆಳಕು ಜಾಸ್ತಿ ತೂರಿ ಬರುತ್ತದೆ. ಆ ಜಾಗಕ್ಕೆ ಚಾಕ್‌ನಲ್ಲಿ ಗುರುತು ಹಾಕಿ. ಸೀರೆ ಎಲ್ಲಾ ಕಡೆ ಒಂದೇ ಥರ ಸವೆಯುವುದಿಲ್ಲ. ಕಾಲಿನ ಹತ್ತಿರದ ಕೆಳ ಅಂಚು, ನೆರಿಗೆ ಬರುವ ಜಾಗ, ಎಡ ಹೆಗಲ ಮೇಲೆ ಪಿನ್ ಚುಚ್ಚಿದ ಜಾಗ, ಈ ಮೂರು ಮೊದಲು ಸೋಲುತ್ತವೆ. ಸೊಂಟಕ್ಕೆ ಮೊದಲು ಸಿಕ್ಕಿಸಿಕೊಳ್ಳುವ ಒಳತುದಿ ಮಾತ್ರ ಬಿಸಿಲು ಕಾಣದೆ ಹೊಸದರ ಹಾಗೇ ಇರುತ್ತದೆ. ಕುರ್ತಾದ ಮುಂಭಾಗಕ್ಕೆ ಅಲ್ಲಿಂದಲೇ ಬಟ್ಟೆ ತೆಗೆಯಿರಿ.

ಆಮೇಲೆ ಎಳೆದು ನೋಡಿ. ಎರಡೂ ಕೈಯಲ್ಲಿ ಒಂದು ಗೇಣು ಬಟ್ಟೆ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಜಗ್ಗಿ. ಹತ್ತಿ ಸೀರೆ ಸಾಮಾನ್ಯವಾಗಿ ತಡೆಯುತ್ತದೆ. ರೇಷ್ಮೆಯಾದರೆ ಮಡಿಕೆಯ ಗೆರೆಗಳ ಮೇಲೆ ಕಣ್ಣಿಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ, ಬೇರೆ ಕಡೆ ಚೆನ್ನಾಗೇ ಇರುತ್ತದೆ. ಹಾಗಿದ್ದರೆ ಮಡಿಕೆ ಗೆರೆಗಳ ನಡುವಿನ ತುಂಡುಗಳು ನಿಮ್ಮ ಬಟ್ಟೆ, ಗೆರೆಗಳು ಅಲ್ಲ. ಜಗ್ಗಿದ ಕೂಡಲೇ ಪರ್ ಅಂತ ಸದ್ದು ಬಂದರೆ ಆ ಸೀರೆಯಲ್ಲಿ ಮೈಗೆ ಹಾಕುವಂಥದ್ದು ಏನನ್ನೂ ಹೊಲಿಸಬೇಡಿ. ಅಂಚು ಮಾತ್ರ ಬಿಡಿಸಿಕೊಳ್ಳಿ.

ನೂಲು ಯಾವುದು ಅಂತ ಅನುಮಾನ ಇದ್ದರೆ ಒಂದೆರಡು ಎಳೆ ಬಿಡಿಸಿ ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದ ಸುಟ್ಟ ಹಾಗೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಇದು ಗೊತ್ತಿದ್ದರೆ ಇಸ್ತ್ರಿ ಎಷ್ಟು ಬಿಸಿ ಇಡಬೇಕು ಅನ್ನೋದೂ ಗೊತ್ತಾಗುತ್ತದೆ. ಸನ್ಮಾನದ ಶಾಲುಗಳಲ್ಲಿ ಎಷ್ಟೋ ಪಾಲಿಯೆಸ್ಟರ್ ಇರುತ್ತವೆ, ಬಿಸಿ ಇಸ್ತ್ರಿ ಇಟ್ಟರೆ ಅಂಟಿಕೊಂಡು ಬರುತ್ತವೆ.

ಫಾಲ್ ಬಿಚ್ಚುವುದು ಮರೆಯಬೇಡಿ. ಬಿಚ್ಚಿದ ಜಾಗದಲ್ಲಿ, ಒಳಮಗ್ಗುಲಿಗೆ, ಸೀರೆ ಕೊಂಡಾಗ ಹೇಗಿತ್ತೋ ಆ ಬಣ್ಣ ಕಾಣುತ್ತದೆ. ನೋಡಲು ಖುಷಿಯಾಗುತ್ತದೆ ನಿಜ, ಆದರೆ ಹೊಲಿಗೆ ದಾರವನ್ನು ಆ ಬಣ್ಣಕ್ಕೆ ಹೊಂದಿಸಬೇಡಿ. ಹೊರಗೆ ಮಾಸಿದ ಬಣ್ಣಕ್ಕೇ ಹೊಂದಿಸಿ. ಇಲ್ಲದಿದ್ದರೆ ಹೊಲಿಗೆಗಳೆಲ್ಲ ಗೆರೆ ಎಳೆದ ಹಾಗೆ ಎದ್ದು ಕಾಣುತ್ತವೆ.

ಯಾವುದಕ್ಕೆ ಕತ್ತರಿ ಬೇಡ

ಅಮ್ಮನ ಧಾರೆ ಸೀರೆ ಮುಟ್ಟಬೇಡಿ. ಅಮ್ಮ ಹೂಂ ಅಂದರೂ ಒಂದು ವಾರ ಬಿಟ್ಟು ಮತ್ತೊಮ್ಮೆ ಕೇಳಿ. "ತಗೋ ಮಗಳೇ, ನನಗೇನು ಮಾಡೋದಿದೆ" ಅಂತ ಹೇಳುವಾಗ ಆಕೆಯ ಕೈ ಸೀರೆಯ ಮೇಲೇ ಇದ್ದರೆ ಅದನ್ನು ಹಾಗೇ ಮಡಿಸಿ ಒಳಗಿಡಿ.

ಕೆಎಸ್‌ಐಸಿಯ (ಸರ್ಕಾರದ ರೇಷ್ಮೆ ನಿಗಮ) ಹಳೇ ಮೈಸೂರು ರೇಷ್ಮೆ ಸೀರೆ ಗಟ್ಟಿ ಇದ್ದರೆ ಅದನ್ನೂ ಕತ್ತರಿಸಬೇಡಿ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು, ಅದರ ಜರಿಯಲ್ಲಿ ನಿಜವಾದ ಬೆಳ್ಳಿ, ಚಿನ್ನ ಇರುತ್ತದೆ. ಜರಿ ಕಪ್ಪಾಗಿದೆ ಅಂದರೆ ಕೆಟ್ಟಿದೆ ಅಂತಲ್ಲ, ಬೆಳ್ಳಿ ಗಾಳಿಗೆ ಕಪ್ಪಾಗುವುದು ಸಹಜ. ಬೀದಿಯಲ್ಲಿ ಹಳೇ ಜರಿ ಸೀರೆ ಕೊಳ್ಳುವವರು ಸುಮ್ನೆ ಬರೋದಿಲ್ಲ ಅಲ್ವಾ? ಇಂಥ ಸೀರೆಗೆ ರವಿಕೆ ಬದಲಾಯಿಸಿ, ಉಡುವ ರೀತಿ ಬದಲಾಯಿಸಿ, ಸಾಕು.

ಲಂಬಾಣಿ ಕಸೂತಿ ಇರುವ ಹಳೇ ಬಟ್ಟೆ ಮನೆಯಲ್ಲಿದ್ದರೆ ಅದೂ ಅಷ್ಟೇ. ಕನ್ನಡಿ, ಕವಡೆ ಕೂರಿಸಿದ ಕೆಲಸದ ನಡುವೆ ಕತ್ತರಿ ಆಡಿಸಿದರೆ ಸುತ್ತಲಿನ ಹೊಲಿಗೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಜಾಕೆಟ್ ಬೆನ್ನಿಗೆ ಒಂದು ಲಂಬಾಣಿ ತುಂಡು ಬೇಕೇ ಬೇಕು ಅಂದರೆ ಸಂಡೂರಿನ ಹೆಣ್ಣುಮಕ್ಕಳು ಈಗಲೂ ಹೊಸದಾಗಿ ಮಾಡುತ್ತಾರೆ, ಅದನ್ನು ಕೊಂಡು ಹಾಕಿಸಿಕೊಳ್ಳಿ.

ಇಳಕಲ್ ಸೀರೆಯಲ್ಲಿ ಕುರ್ತಾ

ಮೊದಲ ಕೆಲಸಕ್ಕೆ ಇಳಕಲ್‌ಗಿಂತ ಒಳ್ಳೇ ಸೀರೆ ಇಲ್ಲ. ಒಡಲು ಹತ್ತಿಯದಾದರೆ ಕತ್ತರಿಸುವಾಗ ಜಾರುವುದಿಲ್ಲ, ಹೊಲಿಯುವಾಗ ಸುಕ್ಕಾಗುವುದಿಲ್ಲ, ಅಂಚು ಅಗಲವಾಗಿ ಗಟ್ಟಿಯಾಗಿ ಇರುತ್ತದೆ. ಗೋಮಿ, ಗಾಡಿ, ಚಿಕ್ಕಿ ಪರಾಸ್‌ಪೇಟಿ ಅಂತ ಅಂಚಿಗೆ ಹೆಸರುಗಳೇ ಇವೆ. ನಿಮ್ಮ ಸೀರೆಯದು ಯಾವುದು ಅಂತ ಮನೆಯ ಹಿರಿಯರನ್ನು ಕೇಳಿ, ಬಾಗಲಕೋಟೆ ಕಡೆಯವರಾದರೆ ನೋಡಿದ ಕೂಡಲೇ ಹೇಳುತ್ತಾರೆ.

ಈಗ ಇಡೀ ಕೆಲಸವನ್ನು ಸುಲಭ ಮಾಡುವ ಒಂದು ವಿಷಯ. ಸೀರೆಯ ಅಗಲ ಸುಮಾರು 45ರಿಂದ 47 ಇಂಚು. ನಿಮ್ಮ ಕುರ್ತಾದ ಉದ್ದ? 40ರಿಂದ 44 ಇಂಚು. ಅಂದರೆ ಸೀರೆಯ ಅಗಲವೇ ಕುರ್ತಾದ ಉದ್ದ! ಹಾಗಾಗಿ ಸೀರೆಯನ್ನು ಅಡ್ಡಡ್ಡ ಇಟ್ಟು ಕತ್ತರಿಸಿ. ಕೆಳ ಅಂಚು ಕುರ್ತಾದ ಕೆಳಗಿನ ಅಂಚಾಗಿ ಬರುತ್ತದೆ, ಅಲ್ಲಿ ಮಡಚಿ ಹೊಲಿಯುವ ಕೆಲಸವೇ ಇಲ್ಲ. ಮೇಲಿನ ಅಂಚನ್ನು ಮೊದಲೇ ಉದ್ದಕ್ಕೆ ಕತ್ತರಿಸಿ ಬೇರೆ ಇಟ್ಟುಕೊಳ್ಳಿ, ಅದು ಆಮೇಲೆ ತೋಳಿನ ತುದಿಗೆ, ಕತ್ತಿನ ಪಟ್ಟಿಗೆ ಬೇಕಾಗುತ್ತದೆ. ಕೆಳ ಅಂಚು ತೀರಾ ಸವೆದಿದ್ದರೆ ಸೀರೆಯನ್ನು ತಲೆಕೆಳಗು ಮಾಡಿ, ಮೇಲಿನ ಅಂಚು ಕೆಳಗೆ ಬರಲಿ. ಕುರ್ತಾ ಆದ ಮೇಲೆ ಯಾರಿಗೂ ಗೊತ್ತಾಗೋದಿಲ್ಲ.

ಅಳತೆಗೆ ಟೇಪು ಹಿಡಿದು ಮೈ ಅಳೆಯೋದಕ್ಕಿಂತ, ನಿಮಗೆ ಚೆನ್ನಾಗಿ ಕೂರುವ ಒಂದು ಕುರ್ತಾವನ್ನು ಇಸ್ತ್ರಿ ಮಾಡಿ ಬಟ್ಟೆಯ ಮೇಲೆ ಹಾಸಿ. ಅದರ ಸುತ್ತ ಚಾಕ್‌ನಲ್ಲಿ ಗೆರೆ ಎಳೆಯಿರಿ. ಪಕ್ಕದ ಹೊಲಿಗೆಗೆ ಒಂದೂವರೆ ಇಂಚು, ಹೆಗಲಿಗೆ ಮುಕ್ಕಾಲು ಇಂಚು, ಕತ್ತು ಮತ್ತು ಕಂಕುಳಿನ ಸುತ್ತಿಗೆ ಅರ್ಧ ಇಂಚು ಹೊರಗೆ ಬಿಡಿ. ಹಳೇ ಬಟ್ಟೆಗೆ ಪಕ್ಕದಲ್ಲಿ ಕಮ್ಮಿ ಬಿಡಬಾರದು, ಹೊಲಿಗೆಯ ಹತ್ತಿರ ಎಳೆ ಸರಿದರೆ ಬಿಚ್ಚಿ ಮತ್ತೆ ಒಳಗೆ ತೆಗೆದುಕೊಂಡು ಹೊಲಿಯಲು ಜಾಗ ಬೇಕು. ಮೊದಲು ಕತ್ತನ್ನು ಚಿಕ್ಕದಾಗಿ ಕತ್ತರಿಸಿ. ದೊಡ್ಡದು ಮಾಡುವುದು ಎರಡು ನಿಮಿಷದ ಕೆಲಸ, ಚಿಕ್ಕದು ಮಾಡುವುದು ಆಗದ ಕೆಲಸ.

ಸಾಧಾರಣ ಮೈಕಟ್ಟಿಗೆ ಮುಂಭಾಗ, ಹಿಂಭಾಗ, ತೋಳು ಸೇರಿ ಎರಡು ಮೀಟರ್ ಸುತ್ತಮುತ್ತ ಸಾಕು. ಐದೂವರೆ ಮೀಟರ್ ಸೀರೆಯಲ್ಲಿ ಇನ್ನೂ ಮೂರೂವರೆ ಮೀಟರ್ ಉಳಿಯಿತು. ಅದರಲ್ಲಿ ಸೆರಗಿನ ಕಡೆಯಿಂದ ಎರಡೂಕಾಲು ಮೀಟರ್ ತೆಗೆದರೆ ದುಪಟ್ಟಾ. ಇನ್ನೂ ಒಂದು ಮೀಟರ್ ಮಿಗುತ್ತದೆ, ಅದು ಚೀಲಕ್ಕೋ ಮಗುವಿನ ಲಂಗಕ್ಕೋ ಆಯಿತು.

ಇಳಕಲ್ ಸೆರಗಿನ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಇರಲಿ. ಒಡಲಿನ ಹಾಸು ಎಳೆಗೂ (ಉದ್ದಕ್ಕೆ ಹೋಗುವ ಎಳೆ) ಸೆರಗಿನ ಹಾಸು ಎಳೆಗೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವ ವಿದ್ಯೆ ಇಳಕಲ್‌ನದೇ, ಟೋಪ್ ತೆನಿ ಅನ್ನುತ್ತಾರೆ. ಸೀರೆಯನ್ನು ತಿರುಗಿಸಿ ನೋಡಿದರೆ ಆ ಕೂಡಿಕೆಯ ಗೆರೆ ಕೈಗೆ ಸಿಗುತ್ತದೆ. ಸರಿಯಾಗಿ ಅದರ ಮೇಲೆ ಕತ್ತರಿ ಹಾಕಿದರೆ ಕುಣಿಕೆಗಳು ಕಳಚಿಕೊಳ್ಳುತ್ತವೆ. ಆ ಗೆರೆಯಿಂದ ಕನಿಷ್ಠ ಎರಡು ಇಂಚು ಒಡಲಿನ ಕಡೆ ಬಿಟ್ಟು ಕತ್ತರಿಸಿ, ಕತ್ತರಿಸುವ ಮುಂಚೆಯೇ ಅಲ್ಲಿ ಒಂದು ನೇರ ಹೊಲಿಗೆ ಓಡಿಸಿ. ಆ ಕೂಡಿಕೆ ಪೂರ್ತಿಯಾಗಿ ದುಪಟ್ಟಾದಲ್ಲೇ ಇರಲಿ. ಕೆಂಪು ಸೆರಗು, ಬಿಳಿ ಪಟ್ಟಿ, ಅದಕ್ಕೆ ಹೊಂದಿದ ಒಡಲು, ಇವು ಒಟ್ಟಿಗೇ ಕಾಣಬೇಕು. ಸೆರಗನ್ನು ತುಂಡು ಮಾಡಿ ಎದೆಯ ಮೇಲೆ ಚೌಕಾಕಾರಕ್ಕೆ ಹೊಲಿಸೋದು ಈಗ ಬಹಳ ನಡೆಯುತ್ತಿದೆ. ನನಗೆ ಅದು ಒಂಚೂರೂ ಇಷ್ಟ ಇಲ್ಲ.

ಅಂಚು ಕೆಳಗೆ ಬರುವ ಕುರ್ತಾವನ್ನು ನೇರವಾಗಿಯೇ ಹೊಲಿಸಿ, ಪಕ್ಕದಲ್ಲಿ ಸೀಳು ಇಡಿಸಿ. ಘೇರು ಇರುವ ಎ-ಲೈನ್ ಬೇಡ. ಘೇರು ಬಂದರೆ ಕೆಳಗಿನ ಅಂಚು ಬಾಗಬೇಕು, ನೇಯ್ದ ಅಂಚು ಬಾಗುವುದಿಲ್ಲ, ಪಕ್ಕದಲ್ಲಿ ಜೋತು ಬೀಳುತ್ತದೆ. ಘೇರು ಬೇಕೇ ಬೇಕು ಅನ್ನುವವರು ಎದೆಯ ಕೆಳಗೆ ಅಡ್ಡ ಹೊಲಿಗೆ ಕೊಡಿಸಿ, ಅಲ್ಲಿಂದ ಕೆಳಕ್ಕೆ ನೆರಿಗೆ ಹಿಡಿಸಿ. ಆಗ ಅಂಚು ನೇರವಾಗಿಯೂ ಇರುತ್ತದೆ, ಘೇರೂ ಬರುತ್ತದೆ. ಬಟ್ಟೆ ಮಾತ್ರ ಒಂದು ಮೀಟರ್ ಜಾಸ್ತಿ ಹೋಗುತ್ತದೆ.

ಸೂಜಿ: ಹತ್ತಿಗೆ 14ನೇ ನಂಬರ್, ತೆಳು ರೇಷ್ಮೆಗೆ 11. ಜೀನ್ಸ್ ಹೊಲಿದ ದಪ್ಪ ಸೂಜಿಯಲ್ಲೇ ರೇಷ್ಮೆ ಹೊಲಿದರೆ ತೂತು ಸಾಲಾಗಿ ಉಳಿಯುತ್ತದೆ, ಬಿಚ್ಚಿದರೂ ಹೋಗೋದಿಲ್ಲ.

ಲೈನಿಂಗ್ ಹಾಕುವುದಾದರೆ ಹತ್ತಿಯದೇ ಹಾಕಿ, ಹಾಕುವ ಮುಂಚೆ ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಹಳೇ ಸೀರೆ ಎಷ್ಟೋ ಸಲ ಒಗೆತ ಕಂಡಿದೆ, ಇನ್ನು ಕುಗ್ಗುವುದಿಲ್ಲ. ಹೊಸ ಲೈನಿಂಗ್ ಕುಗ್ಗುತ್ತದೆ. ನೆನೆಸದೆ ಹೊಲಿಸಿದರೆ ಮೊದಲ ಒಗೆತಕ್ಕೇ ಒಳಗಿನದು ಎಳೆದುಕೊಂಡು ಹೊರಗಿನದು ಉಬ್ಬಿ ನಿಲ್ಲುತ್ತದೆ. ಹೊಸ ಕುರ್ತಾ ಹಾಳಾಗೋದು ಹೆಚ್ಚಾಗಿ ಇಲ್ಲೇ.

ಹೊಲಿಗೆ ಬರದವರಿಗೆ ಲಂಗ

ಅಳತೆ, ಕತ್ತು, ತೋಳು ಯಾವ ರಗಳೆಯೂ ಬೇಡ ಅನ್ನುವವರಿಗೆ ಲಂಗವೇ ಸರಿ. ಸೀರೆಯ ಕೆಳ ಅಂಚು ಹಾಗೇ ಇರಲಿ. ಸೊಂಟದಿಂದ ಪಾದದವರೆಗೆ ಎಷ್ಟು ಉದ್ದ ಬೇಕೋ ಅದಕ್ಕೆ ಎರಡು ಇಂಚು ಸೇರಿಸಿ ಮೇಲಿನದನ್ನು ಕತ್ತರಿಸಿ. ಸುತ್ತಳತೆ ಸೊಂಟದ ಎರಡೂವರೆಯಿಂದ ಮೂರು ಪಟ್ಟು ಇಟ್ಟುಕೊಳ್ಳಿ. 32 ಇಂಚಿನ ಸೊಂಟಕ್ಕೆ ಎರಡರಿಂದ ಎರಡೂವರೆ ಮೀಟರ್. ಒಂದು ಪಕ್ಕ ಕೂಡಿಸಿ ಹೊಲಿದು, ಮೇಲೆ ಒಂದೂಕಾಲು ಇಂಚು ಮಡಚಿ ಕೊಳವೆ ಮಾಡಿ, ಒಂದು ಇಂಚಿನ ಎಲಾಸ್ಟಿಕ್ ಅನ್ನು ಪಿನ್ನಿನಲ್ಲಿ ಸಿಕ್ಕಿಸಿ ತೂರಿಸಿ. ಲಾಡಿ ಇಷ್ಟ ಇದ್ದರೆ ಲಾಡಿ. ಲಾಡಿಯ ತುದಿಗೆ ಮಿಕ್ಕ ಅಂಚಿನ ತುಂಡಲ್ಲಿ ಗೊಂಡೆ ಕಟ್ಟಿದರೆ ಎಷ್ಟು ಚೆಂದ ಕಾಣುತ್ತದೆ ಗೊತ್ತಾ!

ಉಡುಪಿ ಸೀರೆಯಂಥ ತೆಳು ಹತ್ತಿಗೆ ಒಳಗೆ ಪೆಟಿಕೋಟ್ ಇದ್ದೇ ಇರುತ್ತದಲ್ಲ, ಲೈನಿಂಗ್‌ಗೆ ಖರ್ಚು ಮಾಡಬೇಡಿ.

ಕಲೆ, ತೂತು ಇದ್ದರೆ ಕಸೂತಿ

ಎಣ್ಣೆ ಕಲೆ ಹೋಗಿಲ್ಲ, ಜಿರಲೆ ತಿಂದ ಸಣ್ಣ ತೂತಿದೆ ಅಂತ ಎಷ್ಟು ಸೀರೆ ಮೂಲೆ ಸೇರಿವೆ! ಧಾರವಾಡ, ಹುಬ್ಬಳ್ಳಿ ಕಡೆಯ ಕಸೂತಿ ಇದಕ್ಕೆ ಹೇಳಿ ಮಾಡಿಸಿದ್ದು. ನಾಲ್ಕು ಥರದ ಹೊಲಿಗೆ ಇದೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಶುರು ಮಾಡುವವರು ಗವಂತಿ ಒಂದನ್ನೇ ಕಲಿಯಿರಿ, ಸಾಕು.

ಹೇಗೆ ಅಂದರೆ, ಸೂಜಿಗೆ ಎರಡು ಎಳೆ ದಾರ ಪೋಣಿಸಿ. ಗಂಟು ಹಾಕಬೇಡಿ, ಕಸೂತಿಯಲ್ಲಿ ಗಂಟು ಇಲ್ಲ. ಹಿಂದೆ ಎರಡು ಇಂಚು ದಾರ ಬಿಟ್ಟು ಶುರು ಮಾಡಿ. ಬಟ್ಟೆಯ ನಾಲ್ಕು ಎಳೆ ಎಣಿಸಿ ಮೇಲೆ, ಮುಂದಿನ ನಾಲ್ಕು ಎಳೆ ಕೆಳಗೆ, ಹೀಗೇ ಸಾಲು ಮುಗಿಯುವವರೆಗೆ ಹೋಗಿ. ಈಗ ಅದೇ ದಾರಿಯಲ್ಲಿ ವಾಪಸ್ ಬನ್ನಿ, ಹೋಗುವಾಗ ಖಾಲಿ ಬಿಟ್ಟ ಜಾಗ ಬರುವಾಗ ತುಂಬುತ್ತದೆ. ಮುಗಿದಾಗ ಹಿಂದೆ ತಿರುಗಿಸಿ ನೋಡಿ, ಮುಂದೆ ಹೇಗಿದೆಯೋ ಹಿಂದೆಯೂ ಹಾಗೇ ಇರಬೇಕು. ಬಿಟ್ಟಿದ್ದ ದಾರದ ತುದಿಯನ್ನು ಹಿಂದಿನ ಹೊಲಿಗೆಗಳ ಅಡಿಯಲ್ಲಿ ತೂರಿಸಿ ಕತ್ತರಿಸಿ. ಗೋಪುರ, ತೇರು, ತುಳಸಿ ಕಟ್ಟೆ, ನವಿಲು, ಆನೆ ಇವೆಲ್ಲ ಬರೋದು ಇದೇ ಥರ ಎಳೆ ಎಣಿಸಿಯೇ. ಪೆನ್ಸಿಲ್‌ನಲ್ಲಿ ಬರೆದುಕೊಂಡು ಮಾಡುವ ಕೆಲಸ ಅಲ್ಲ ಇದು.

ಇಳಕಲ್ ಹತ್ತಿಯಲ್ಲಿ ಎಳೆ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು. ನುಣುಪು ರೇಷ್ಮೆಯಲ್ಲಿ ಆಗೋದಿಲ್ಲ. ಅದಕ್ಕೆ ಮೇಲೆ ಬಲೆಯಂಥ ಮ್ಯಾಟಿ ಬಟ್ಟೆಯ ತುಂಡನ್ನು ಕಚ್ಚಾ ಹೊಲಿಗೆಯಲ್ಲಿ ಕೂರಿಸಿ, ಅದರ ಚೌಕಗಳನ್ನು ಎಣಿಸಿ ಹೊಲಿದು, ಕೊನೆಗೆ ಆ ಬಲೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ತಾಳ್ಮೆ ಬೇಕು, ಆದರೆ ಕೆಲಸ ನಿಜಕ್ಕೂ ಸುಂದರ.

ಕಲೆ ಒಂದೇ ಕಡೆ ಇದ್ದರೆ ಅಲ್ಲೊಂದೇ ಹೂ ಮಾಡಬೇಡಿ, ಎಲ್ಲರಿಗೂ ಕಲೆ ಇದ್ದದ್ದು ಗೊತ್ತಾಗುತ್ತದೆ. ಅದೇ ಹೂವನ್ನು ಇನ್ನೂ ಮೂರ್ನಾಲ್ಕು ಕಡೆ ಹರಡಿ. ತೂತು ಇದ್ದರೆ ಮೊದಲು ಒಳಗಿನಿಂದ ಅದೇ ಸೀರೆಯ ಚಿಕ್ಕ ತುಂಡು ಇಟ್ಟು ಸುತ್ತ ಕೈಹೊಲಿಗೆ ಹಾಕಿ, ಆಮೇಲೆ ಮೇಲಿಂದ ಕಸೂತಿ.

ರವಿಕೆ, ಕಣ, ಖಣ, ಪಂಚೆ

ಬಿಗಿಯಾದ ರವಿಕೆಯನ್ನು ಮೊದಲು ಒಳಗೆ ತಿರುಗಿಸಿ ನೋಡಿ. ಟೈಲರ್‌ಗಳು ಪಕ್ಕದಲ್ಲಿ ಒಂದೆರಡು ಇಂಚು ಒಳಗೆ ಬಿಟ್ಟೇ ಇರುತ್ತಾರೆ, ಹೊಲಿಗೆ ಬಿಚ್ಚಿದರೆ ಆಯಿತು. ಹಾಗೆ ಬಿಚ್ಚಿದ ಗೆರೆ ಹೊರಗೆ ಕಾಣುತ್ತಿದ್ದರೆ ಅದರ ಮೇಲೆ ಸಣ್ಣ ಪೈಪಿಂಗ್ ಕೊಡಿಸಿ. ಬಟ್ಟೆಯೇ ಇಲ್ಲ ಅಂದರೆ, ಕಂಕುಳಲ್ಲಿ ತೋಳಿನ ಹೊಲಿಗೆಯೂ ಪಕ್ಕದ ಹೊಲಿಗೆಯೂ ಕೂಡುವ ಜಾಗ ಬಿಚ್ಚಿ, ಮೂರಿಂಚಿನ ಚೌಕದ ತುಂಡನ್ನು ವಜ್ರದಾಕಾರಕ್ಕೆ ಕೂರಿಸಿ. ತೋಳೂ ಸಡಿಲವಾಗುತ್ತದೆ, ಎದೆಯೂ. ಕೈ ಎತ್ತದಿದ್ದರೆ ಹೊರಗೆ ಕಾಣುವುದೂ ಇಲ್ಲ. ಆ ತುಂಡಿಗೆ ತಾಂಬೂಲದಲ್ಲಿ ಬಂದ ಕಣಗಳಿವೆಯಲ್ಲ, ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತವೆ, ಅದರಲ್ಲಿ ಹತ್ತಿಯದು ಯಾವುದು ಅಂತ ಆರಿಸಿ ಬಳಸಿ. ಉಳಿದ ಕಣಗಳು ಜೇಬಿಗೆ, ಪೈಪಿಂಗ್‌ಗೆ, ಚೀಲದ ಒಳಬಟ್ಟೆಗೆ ಸರಿ.

ಗುಳೇದಗುಡ್ಡದಲ್ಲಿ ನೇಯುವ ರವಿಕೆ ಬಟ್ಟೆ ಖಣ, ಅದು ಬೇರೆ ಮಾತು. ಅದನ್ನು ತುಂಡು ಮಾಡಿ ಅಲ್ಲಿ ಇಲ್ಲಿ ಹಾಕದೆ ಒಂದು ಪೂರ್ತಿ ರವಿಕೆ, ಇಲ್ಲವೇ ತೋಳಿಲ್ಲದ ಚಿಕ್ಕ ಜಾಕೆಟ್ ಹೊಲಿಸಿ. ಅಗಲ ಕಡಿಮೆ ಇರುವ ಬಟ್ಟೆ, ಹಾಗಾಗಿ ಟೈಲರ್ ಹತ್ತಿರ ಮೊದಲೇ ಅಳತೆ ಕೇಳಿ. ಲೈನಿಂಗ್ ಹಾಕಿಸಲೇಬೇಕು. ಬಿಳಿ ಅಂಗಿ, ಜೀನ್ಸ್, ಮೇಲೊಂದು ಖಣದ ಜಾಕೆಟ್ ಹಾಕಿದರೆ ಬೇರೆ ಯಾವ ಆಭರಣವೂ ಬೇಡ.

ಎಂಟು ಮೊಳದ ಪಂಚೆ ಅಂದರೆ ಮೂರೂವರೆ ಮೀಟರ್ ಮೀರಿದ ಬಟ್ಟೆ. ಗಂಡಸರ ಒಂದು ಕುರ್ತಾ ಧಾರಾಳವಾಗಿ ಆಗುತ್ತದೆ. ಕೆಂಪು ಅಥವಾ ಹಸಿರು ಅಂಚನ್ನು ಗುಂಡಿ ಪಟ್ಟಿಗೆ, ತೋಳಿನ ತುದಿಗೆ ಹಾಕಿಸಿ. ಕಾಲರ್‌ಗೂ ಹಾಕಿಸಲು ಹೋಗಬೇಡಿ, ಜಾಸ್ತಿ ಆಗುತ್ತದೆ. ಹೊಸ ಪಂಚೆಯಾದರೆ ಗಂಜಿ ಹೋಗುವವರೆಗೆ ಒಗೆದು ಆಮೇಲೆ ಕತ್ತರಿಸಿ.

ತುಂಡುಗಳೆಲ್ಲ ಸೇರಿ ಕೌದಿ ಜಾಕೆಟ್

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ ಸಾಯುವುದೇ ಇಲ್ಲ, ಕೌದಿ (ತುಂಡು ಜೋಡಿಸಿ ಹೊಲಿದ ಹೊದಿಕೆ) ಆಗುತ್ತದೆ. ಅದನ್ನೇ ಜಾಕೆಟ್‌ಗೆ ತನ್ನಿ. ಮೂರು ಪದರ ಸಾಕು. ಮೇಲೆ ಬಣ್ಣ ಬಣ್ಣದ ತುಂಡು, ನಡುವೆ ಸವೆದ ಸೀರೆ, ಒಳಗೆ ಮೆತ್ತಗಿನ ಒಂದೇ ಬಣ್ಣದ ಹತ್ತಿ. ಮೂರನ್ನೂ ಹಾಸಿ ಅಲ್ಲಲ್ಲಿ ಕಚ್ಚಾ ಹೊಲಿಗೆ ಹಾಕಿ ಕೂರಿಸಿ, ಆಮೇಲೆ ಅರ್ಧ ಇಂಚಿಗೊಂದು ಸಾಲಿನಂತೆ ಕೈಯಲ್ಲಿ ಓಡುಹೊಲಿಗೆ ಹಾಕಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಶುರು ಮಾಡಿ ಸುತ್ತಿಕೊಂಡು ಸುತ್ತಿಕೊಂಡು ನಡುವಿಗೆ ಬರುತ್ತಾರೆ, ತುಂಡುಗಳನ್ನೂ ಹೊಲಿಯುತ್ತಾ ಹೋದ ಹಾಗೆ ಜೋಡಿಸುತ್ತಾರೆ. ಜಾಕೆಟ್‌ನ ಬೆನ್ನಿಗೆ ಆ ಥರ ಮಾಡಿ ನೋಡಿ, ಹೊಲಿಗೆಯ ಸಾಲುಗಳೇ ಒಂದು ಚಿತ್ರ ಆಗುತ್ತದೆ. ಅಳತೆಗೆ ಕತ್ತರಿಸುವುದು ಹೊಲಿಗೆ ಮುಗಿದ ಮೇಲೆ. ಹೊಲಿಯುವಾಗ ಬಟ್ಟೆ ಒಂದೆರಡು ಇಂಚು ಒಳಗೆ ಸೇರಿಕೊಳ್ಳುತ್ತದೆ, ಮೊದಲೇ ಕತ್ತರಿಸಿದರೆ ಬಿಗಿಯಾಗುತ್ತದೆ. ಮೊದಲ ಜಾಕೆಟ್‌ಗೆ ತೋಳು ಬೇಡ.

ಇದಕ್ಕೆ ಮೆಷಿನ್ ಬೇಡ. ಸಂಜೆ ಟಿವಿ ಮುಂದೆ ಕೂತು ಅಮ್ಮ ಒಂದು ಮಗ್ಗುಲು, ನೀವು ಒಂದು ಮಗ್ಗುಲು ಹೊಲಿದರೆ ಬೇಗ ಮುಗಿಯುತ್ತದೆ, ಮತ್ತೆ ಯಾವ ತುಂಡು ಯಾವಾಗಿನ ಸೀರೆ ಅನ್ನುವ ಕಥೆಯೂ ಬರುತ್ತದೆ.

ಹಾಕಿಕೊಳ್ಳುವ ಬಗೆ

ಇಷ್ಟೆಲ್ಲ ಮಾಡಿ ಕೊನೆಗೆ ಹಾಕಿಕೊಳ್ಳುವಾಗ ಎಡವುವವರು ಜಾಸ್ತಿ. ಕಾರಣ ಒಂದೇ, ಎಲ್ಲವನ್ನೂ ಹೊಂದಿಸಲು ಹೋಗುವುದು. ಕೆಂಪು ಅಂಚಿನ ಕುರ್ತಾ, ಕೆಂಪು ಪ್ಯಾಂಟ್, ಕೆಂಪು ಓಲೆ, ಕೆಂಪು ಬಳೆ. ಬೇಡ. ಅಂಚು ಒಂದೇ ಕಡೆ ಮಾತಾಡಲಿ. ಇಳಕಲ್ ಕುರ್ತಾಕ್ಕೆ ಕೆನೆ ಬಣ್ಣದ ಪ್ಯಾಂಟ್ ಅಥವಾ ಮಾಸಿದ ಜೀನ್ಸ್, ಕಿವಿಗೆ ಬೆಳ್ಳಿ ಜುಮುಕಿ, ಇಲ್ಲವೇ ಒತ್ತಿ ಹಾಕಿಕೊಳ್ಳುವ ಬುಗುಡಿ ಈಗ ಸಿಗುತ್ತದೆ, ಅದು. ಕತ್ತು ಖಾಲಿ ಇರಲಿ. ದುಪಟ್ಟಾದಲ್ಲಿ ಟೋಪ್ ತೆನಿ ಸೆರಗು ಇದ್ದರೆ ಅದನ್ನು ಒಂದು ಹೆಗಲ ಮೇಲೆ ಪೂರ್ತಿ ಬಿಚ್ಚಿ ಬಿಡಿ, ಕತ್ತಿಗೆ ಸುತ್ತಿಕೊಳ್ಳಬೇಡಿ.

ಕತ್ತರಿಸಬಾರದು ಅಂದ ಸೀರೆಗಳಿಗೂ ದಾರಿ ಇದೆ. ರವಿಕೆ ಬದಲು ಬಿಳಿ ಕಾಟನ್ ಶರ್ಟ್ ಹಾಕಿ, ತೋಳು ಮೊಣಕೈವರೆಗೆ ಮಡಚಿ, ಸೊಂಟಕ್ಕೆ ತೆಳುವಾದ ಬೆಲ್ಟ್ ಕಟ್ಟಿ. ಚಳಿಗಾಲದಲ್ಲಿ ಇದು ಬಹಳ ಹಿತ. ಇಲ್ಲವೇ ಕೊಡಗಿನವರ ಹಾಗೆ ನೆರಿಗೆಯನ್ನು ಹಿಂದೆ ಸಿಕ್ಕಿಸಿ, ಸೆರಗನ್ನು ಎಡ ಕಂಕುಳ ಕೆಳಗಿಂದ ತಂದು ಬಲ ಹೆಗಲಿಗೆ ಪಿನ್ ಮಾಡಿ. ನಡೆಯಲು ಕಾಲಿಗೆ ಅಡ್ಡಿ ಇಲ್ಲ, ಮುಂದೆ ಒಡಲಿನ ಬಣ್ಣ ಒಂದೇ ಹರವಾಗಿ ಕಾಣುತ್ತದೆ. ಮೈಸೂರು ರೇಷ್ಮೆಯಂಥ ಒಂದೇ ಬಣ್ಣದ ಸೀರೆಗೆ ಇದು ತುಂಬಾ ಒಪ್ಪುತ್ತದೆ.

ಟೈಲರ್ ಹತ್ತಿರ ಹೋಗುವಾಗ

ಆಷಾಢದಲ್ಲಿ ಹೋಗಿ. ಮದುವೆ ಇರುವುದಿಲ್ಲ, ಅವರಿಗೂ ಬಿಡುವು, ನಿಮ್ಮ ಮಾತು ಕೇಳಲು ಸಮಯ ಇರುತ್ತದೆ. ದಸರಾ, ದೀಪಾವಳಿ ಹತ್ತಿರ ಬಂದಾಗ ಹಳೇ ಸೀರೆ ಹಿಡಿದು ಹೋದರೆ ಅದು ಮೂಟೆಯ ಅಡಿಗೆ ಹೋಗುತ್ತದೆ.

ಫೋಟೋ ಒಂದನ್ನೇ ತೋರಿಸಿ ಬರಬೇಡಿ. ಅಳತೆಗೆ ಒಂದು ಕುರ್ತಾ ಕೊಡಿ. ಸವೆದ ಜಾಗ, ಕಲೆ ಇರುವ ಜಾಗಕ್ಕೆ ಸೇಫ್ಟಿ ಪಿನ್ ಹಾಕಿಕೊಂಡು ಹೋಗಿ, ಚಾಕ್ ಗುರುತು ಅಷ್ಟರಲ್ಲಿ ಅಳಿಸಿರುತ್ತದೆ. "ಅಣ್ಣಾ, ಅಂಚು ಕೆಳಗೇ ಬರಬೇಕು, ಮಡಚಬೇಡಿ, ಮೇಲಿನ ಅಂಚು ವಾಪಸ್ ಬೇಕು" ಅಂತ ಬಾಯಲ್ಲೂ ಹೇಳಿ, ಒಂದು ಚೀಟಿಯಲ್ಲಿ ಬರೆದು ಬಟ್ಟೆಗೆ ಚುಚ್ಚಿಯೂ ಬನ್ನಿ, ಯಾಕಂದರೆ ಅಳತೆ ತೆಗೆದುಕೊಳ್ಳುವವರು ಒಬ್ಬರು, ಕತ್ತರಿಸುವವರು ಇನ್ನೊಬ್ಬರು. ಮಿಕ್ಕ ತುಂಡುಗಳನ್ನೆಲ್ಲ ಕೇಳಿ ತನ್ನಿ. ರೇಷ್ಮೆಯಾದರೆ ಮೊದಲು ಕಚ್ಚಾ ಹೊಲಿಗೆ ಹಾಕಿ, ನಿಮಗೆ ತೊಡಿಸಿ ನೋಡಿ ಅಂತ ಹೇಳಿ. ಇದಕ್ಕೆ ನಾಲ್ಕು ಕಾಸು ಜಾಸ್ತಿ ಕೇಳಿದರೆ ಕೊಡಿ, ಹಳೇ ಬಟ್ಟೆ ಹೊಲಿಯುವುದು ಹೊಸದಕ್ಕಿಂತ ಕಷ್ಟದ ಕೆಲಸ.

ಒಗೆಯುವಾಗ ಮೊದಲ ಸಲ ಬೇರೆ ಬಟ್ಟೆ ಜೊತೆ ಹಾಕಬೇಡಿ. ಒದ್ದೆ ಬಿಳಿ ಬಟ್ಟೆಯಲ್ಲಿ ಅಂಚನ್ನು ಒತ್ತಿ ನೋಡಿ, ಬಣ್ಣ ಹತ್ತಿದರೆ ಪ್ರತಿ ಸಲವೂ ಬೇರೆಯೇ ಒಗೆಯಿರಿ. ತಣ್ಣೀರು, ಅಂಟುವಾಳದ ಕಾಯಿ ನೆನೆಸಿದ ನೀರು, ಕೈಯಲ್ಲೇ. ಹಿಂಡಬೇಡಿ, ನೆರಳಲ್ಲಿ ಒಣಗಿಸಿ. ಜರಿ ಇದ್ದರೆ ಒಳಮಗ್ಗುಲಿಂದ ಇಸ್ತ್ರಿ ಮಾಡಿ. ನುಸಿಗುಳಿಗೆ ಜರಿಗೆ ತಾಗದ ಹಾಗೆ ಬಟ್ಟೆಯಲ್ಲಿ ಕಟ್ಟಿ ಇಡಿ. ರೇಷ್ಮೆಯದ್ದನ್ನು ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಬೇರೆ ಮಡಿಕೆಯಲ್ಲಿ ಮಡಿಸಿಡಿ.